ಜಗಜಟ್ಟಿ ದೊರೆ ರಣಧೀರ ಕಂಠೀರವ

ಹಾನಗಲ್ಲಿಗೆ ವಿರಾಟನಗರವೆಂಬ ಹೆಸರು ಈಚಿನ ಜನ ಕಟ್ಟಿಕೊಂಡದ್ದಲ್ಲ. ಪಾನುಂಗಲ್ಲು ಎಂಬ ಹೆಸರಿನ ಜೊತೆಯಲ್ಲಿಯೇ ವಿರಾಟಕೋಟೆ, ವಿರಾಟನಗರ ಎಂಬ ಹೆಸರುಗಳೂ ಶಾಸನಗಳಲ್ಲಿ ದೊರೆಯುತ್ತವೆ. ಪಾಂಡವರು ಅಜ್ಞಾತವಾಸವನ್ನು ಕಳೆದ ಊರು ಇದೇ ಎಂಬ ನಂಬಿಕೆ ಆ ಸೀಮೆಯಲ್ಲಿ ಬಲವಾಗಿದೆ. ಅಲ್ಲಿಯ ದಿಬ್ಬವೊಂದಕ್ಕೆ ಕುಂತಿಯ ಹೆಸರು ನಿಂತಿದೆ. ಬಾಣಸಿಗನ ವೇಷದ ಭೀಮಸೇನ ಜೀಮೂತಮಲ್ಲನನ್ನು ಕೆಡವಿದ್ದೂ, ಇರುಳಿನಲ್ಲಿ ಕೀಚಕನನ್ನು ಹಿಸುಕಿ ಮುದ್ದೆಮಾಡಿದ್ದೂ ಈ ನೆಲದ ಮೇಲೆಯೇ ಎಂದು ತಿಳಿದವರಿಗೆ ಮಲ್ಲವಿದ್ಯೆ ಹೊರಗಿನಿಂದ ಬಂದ ವಿದ್ಯೆಯಾಗಿ ತೋರುವುದು ಹೇಗೆ? ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆ ಗರಡಿಮನೆಯ ಕೆಮ್ಮಣ್ಣು ಮೆಟ್ಟಿದ ಹಿರಿಯರು ಕುಳಿತಲ್ಲಿ ಒಂದು ವಾದ ಹುಟ್ಟದೆ ಇರುವುದಿಲ್ಲ. ಹಿಂದಿನ ಪೈಲವಾನರು ಗಟ್ಟಿಯೋ, ಇಂದಿನವರು ಗಟ್ಟಿಯೋ ಎಂಬುದು ಆ ವಾದ. ಹಿರಿಯರ ತೀರ್ಪು ಯಾವ ಕಡೆಗೆ ವಾಲುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಈ ಚರ್ಚೆ ನಮ್ಮಲ್ಲಿ ಮಾತ್ರ ಇರುವುದೆಂದು ಭಾವಿಸಬಾರದು. ಪಾಶ್ಚಾತ್ಯರಲ್ಲಿ ಭಾರಿ ತೂಕದ ಮುಷ್ಟಿಮಲ್ಲರನ್ನು ಕುರಿತು ನೂರು ವರ್ಷಗಳಿಂದಲೂ ಇದೇ ಜಿಜ್ಞಾಸೆ ನಡೆದುಬಂದಿದೆ. 1889ರಲ್ಲಿ ಅಮೆರಿಕದ ಜಾನ್ ಸಲಿವನ್ ಬರಿಗೈಯಿಂದ ಕಿಲ್ರೇನನೊಡನೆ ಎಪ್ಪತ್ತೈದು ಸುತ್ತು ಹೋರಾಡಿ ಗೆದ್ದ. ಆದರೆ ಅಂದಿನ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದೊಡನೆ ಸುತ್ತು ಮುಗಿಯುತ್ತಿತ್ತು. ಆದ್ದರಿಂದ ಆ ಎಪ್ಪತ್ತೈದನ್ನು ಮೂರು ಮೂರು ನಿಮಿಷಗಳ ಇಂದಿನ ಸುತ್ತುಗಳ ಪಕ್ಕದಲ್ಲಿಟ್ಟು ಎಣಿಸಲಾಗದು. ಜೋ ಲೂಯಿ 1937ರಿಂದ 1949ರವರೆಗೆ ಪದವಿಯನ್ನು ಬಿಡದೆ ಇಪ್ಪತ್ತೈದು ಸಲ ಉಳಿಸಿಕೊಂಡ. ರಾಕಿ ಮಾರ್ಸಿಯಾನೊ ನಲವತ್ತೊಂಬತ್ತು ಕಾಳಗಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ಕಣದಿಂದ ಹೊರಬಂದ. ಮಹಮ್ಮದ್ ಅಲಿ 1975ರಲ್ಲಿ ಮನಿಲಾದ ಸುಡುಬಿಸಿಲ ಸೆಕೆಯಲ್ಲಿ ಹದಿನಾಲ್ಕು ಸುತ್ತು ಫ್ರೇಜಿಯರನ ಪೆಟ್ಟು ತಿಂದೂ ನಿಂತ. ಮುಂದೆ ಅದೇ ದೇಹ ನಡುಕದ ರೋಗಕ್ಕೆ ಬಲಿಯಾಗಿ ದಶಕಗಳ ಕಾಲ ನವೆಯಿತು. ನಮ್ಮ ದೇಶದ ಗಾಮಾ ಪೈಲವಾನನ ಕಥೆ ಇನ್ನೂ ಸ್ವಾರಸ್ಯವಾದದ್ದು. 1910ರಲ್ಲಿ ಲಂಡನ್ನಿನಲ್ಲಿ ಜ್ಬಿಸ್ಕೊ ಎರಡೂವರೆ ಗಂಟೆಗೂ ಮೇಲ್ಪಟ್ಟು ನೆಲಕ್ಕೆ ಅಂಟಿಕೊಂಡು ಅವನಿಂದ ತಪ್ಪಿಸಿಕೊಂಡ. ಹದಿನೆಂಟು ವರ್ಷಗಳ ಅನಂತರ, 1928ರಲ್ಲಿ, ಪಟಿಯಾಲದಲ್ಲಿ ಇಬ್ಬರೂ ಐವತ್ತರ ಹತ್ತಿರ ಬಂದಿರುವಾಗ ಗಾಮಾ ಅವನನ್ನು ಒಂದು ನಿಮಿಷದೊಳಗೆ ಕೆಡವಿದ.

ಇವರಲ್ಲಿ ಯಾರು ಹೆಚ್ಚು? ಬೇರೆ ಬೇರೆ ಕಾಲದವರನ್ನು ಒಂದೇ ಕಣದಲ್ಲಿ ನಿಲ್ಲಿಸಲು ಬಾರದು. ಹೊಡೆತದ ಬಲವನ್ನು ಅಳೆಯುವ ಸಾಧನವೂ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಉಳಿಯುವ ಅಳತೆ ಒಂದೇ ಎಂದು ನಮಗೆ ತೋರುತ್ತದೆ: ಆತ ಎಂಥ ಪೆಟ್ಟುಗಳನ್ನು ತಿಂದ, ಎಷ್ಟು ಸಲ ತಿಂದ, ತಿಂದ ಮೇಲೆ ಎಷ್ಟು ಕಾಲ ನಿಂತ. ಈ ಅಳತೆಗೋಲನ್ನು ಕನ್ನಡನಾಡಿನ ಒಬ್ಬ ಮಲ್ಲನಿಗೆ ಹಿಡಿದು ನೋಡುವುದು ಈ ಲೇಖನದ ಉದ್ದೇಶ. ಆತ ಮಲ್ಲನಷ್ಟೇ ಆಗಿರಲಿಲ್ಲ, ಮೈಸೂರಿನ ದೊರೆಯೂ ಆಗಿದ್ದನು. ಜನ ರಣಧೀರನೆಂದು ಕರೆದ ಕಂಠೀರವ ನರಸರಾಜ ಒಡೆಯರು ಅವರು. ಹಾನಗಲ್ಲು-ಸವಣೂರಿನ ಸೀಮೆಯ ವಾಚಕರಿಗೂ ಅವರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಉಂಟು, ಅದನ್ನು ಮುಂದೆ ಹೇಳುತ್ತೇವೆ.

ನರಸರಾಜರು ಹುಟ್ಟಿದ್ದು 1615ರಲ್ಲಿ. ವಿಜಯನಗರದ ಪ್ರತಿನಿಧಿಯಿಂದ 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿ ದಸರಾ ಮಹೋತ್ಸವವನ್ನು ಆರಂಭಿಸಿದ ರಾಜ ಒಡೆಯರಿಗೆ ಅವರು ತಮ್ಮನ ಮಗ. ತಂದೆ ಬೆಟ್ಟದ ಚಾಮರಾಜ ಒಡೆಯರು. ಸಿಂಹಾಸನ ತಮ್ಮ ಪಾಲಿಗೆ ಬರುವುದೆಂದು ಎಣಿಸಲು ಆ ಹುಡುಗನಿಗೆ ಯಾವ ಕಾರಣವೂ ಇರಲಿಲ್ಲ. ರಾಜಧಾನಿಯಿಂದ ದೂರವಾದ ತೆರಕಣಾಂಬಿಯಲ್ಲಿ ಅವರ ಯೌವನ ಕಳೆಯಿತು. ಪಟ್ಟದ ಚಿಂತೆಯಿಲ್ಲದ ರಾಜಕುಮಾರನಿಗೆ ಗರಡಿಯೇ ಅರಮನೆಯಾಯಿತು. ಸಾಮು, ಕತ್ತಿವರಸೆ, ಕುಸ್ತಿಗಳಲ್ಲಿ ಅವರ ಹೆಸರು ಸುತ್ತಲೂ ಹಬ್ಬಿತು.

ಅರಸರು ಮಲ್ಲವಿದ್ಯೆಯನ್ನು ಪೋಷಿಸುವುದು ಕನ್ನಡನಾಡಿನಲ್ಲಿ ಹಳೆಯ ಸಂಪ್ರದಾಯ. ಹನ್ನೆರಡನೆಯ ಶತಮಾನದಲ್ಲಿ, ಹಾನಗಲ್ಲಿನ ಕದಂಬರು ಕಲ್ಯಾಣದ ಚಾಳುಕ್ಯರಿಗೆ ಮಾಂಡಲಿಕರಾಗಿದ್ದ ಕಾಲದಲ್ಲಿ, ಚಕ್ರವರ್ತಿ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಂದ ವರ್ಗವರ್ಗವಾಗಿ ವಿಂಗಡಿಸುವ ಕ್ರಮ ಅಲ್ಲಿದೆ. ಇಂದಿನ ತೂಕದ ತರಗತಿಗಳನ್ನು ಪಾಶ್ಚಾತ್ಯರ ಕಲ್ಪನೆಯೆಂದು ತಿಳಿದವರು ಆ ಪುಟಗಳನ್ನು ಒಮ್ಮೆ ತೆರೆದು ನೋಡಬೇಕು. ಮಲ್ಲರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂದೂ, ಅವರನ್ನು ಅಂತಃಪುರದ ಗಾಳಿ ತಾಕದಂತೆ ಇರಿಸಬೇಕೆಂದೂ ವಿಧಿ. ಈ ಪರಂಪರೆಯ ಒಂದು ಕವಲು ಮೈಸೂರು ಸೀಮೆಯ ಜಟ್ಟಿಗಳಲ್ಲಿ ಉಳಿದುಬಂತು. ಬೆರಳುಗಳಿಗೆ ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮುಳ್ಳಿನ ಆಯುಧವನ್ನು ತೊಟ್ಟು, ತಲೆ ಬೋಳಿಸಿಕೊಂಡು, ಒಬ್ಬರ ನೆತ್ತಿಗೊಬ್ಬರು ಗುದ್ದುವ ವಜ್ರಮುಷ್ಟಿ ಕಾಳಗ ಅವರದು. ಪಾಶ್ಚಾತ್ಯರ ಮುಷ್ಟಿಯುದ್ಧಕ್ಕೆ ನಮ್ಮಲ್ಲಿ ಸಮನಾದದ್ದು ಯಾವುದೆಂದರೆ ಅದೇ. 1780ರ ದಶಕದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಸ್ಕರಿಯೆಂಬ ಆಂಗ್ಲ ತರುಣ ಆ ಕಾಳಗವನ್ನು ಕಂಡು ಬರೆದಿಟ್ಟಿದ್ದಾನೆ. ಅದು ಮೃದುವಾದ ವಿನೋದವಾಗಿ ಅವನಿಗೆ ತೋರಲಿಲ್ಲ.

ತೆರಕಣಾಂಬಿಯ ಕಾಲದ್ದೇ ಎಂದು ಹೇಳುವ ತಿರುಚಿನಾಪಳ್ಳಿಯ ಪ್ರಸಂಗ ಕನ್ನಡಿಗರಲ್ಲಿ ಮನೆಮಾತು. ಅಲ್ಲಿಯ ಆಸ್ಥಾನದಲ್ಲಿ ಒಬ್ಬ ಜಗಜಟ್ಟಿ ಇದ್ದ. ಎದುರಾದವರನ್ನೆಲ್ಲ ಗೆದ್ದ ಗರ್ವದಿಂದ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗಹಾಕಿಸಿದ್ದ; ಊರೊಳಗೆ ಹೋಗುವವರೆಲ್ಲ ಅದರ ಕೆಳಗೆ ನುಸುಳಿಯೇ ಹೋಗಬೇಕು. ಈ ಸುದ್ದಿ ಕೇಳಿದ ನರಸರಾಜರು ಯಾರಿಗೂ ತಿಳಿಸದೆ ಸಾಮಾನ್ಯನ ವೇಷದಿಂದ ಹೊರಟರು, ಸವಾಲನ್ನು ಹಿಡಿದರು, ಸಭೆಯ ಮುಂದೆ ಆ ಮಲ್ಲನನ್ನು ಮುಗಿಸಿದರು. ಕುಸ್ತಿಯಲ್ಲಿ ಎಂದು ಒಂದು ಪಾಠ, ಖಡ್ಗದಿಂದ ಎಂದು ಇನ್ನೊಂದು ಪಾಠ. ಅಲ್ಲಿಯ ನಾಯಕ ಮೆಚ್ಚಿ ಉಡುಗೊರೆ ಕೊಡಬೇಕೆಂದು ಹುಡುಕಿಸುವ ವೇಳೆಗೆ ಗೆದ್ದವನ ಪತ್ತೆಯೇ ಇರಲಿಲ್ಲ. 1810ರಲ್ಲಿ ಮೈಸೂರಿನ ಇತಿಹಾಸವನ್ನು ಪ್ರಕಟಿಸಿದ ವಿಲ್ಕ್ಸ್ ಕೂಡ ಈ ಕಥೆಯನ್ನು ಬಿಡಲಿಲ್ಲ. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಬೆಳೆದದ್ದು ಎಂಬುದನ್ನು ಪಂಡಿತರು ಚರ್ಚಿಸಲಿ. ನಮಗೆ ಹಿಡಿಸುವ ಭಾಗ ಗೆಲುವಲ್ಲ, ಗೆದ್ದ ಮೇಲೆ ಸದ್ದಿಲ್ಲದೆ ಊರು ಬಿಟ್ಟದ್ದು. ಕಟ್ಟುಕಥೆಗಾರ ಸಾಮಾನ್ಯವಾಗಿ ತನ್ನ ನಾಯಕನಿಗೆ ಆನೆಯ ಮೇಲೆ ಮೆರವಣಿಗೆ ಮಾಡಿಸುತ್ತಾನೆ.

ಅತ್ತ ಶ್ರೀರಂಗಪಟ್ಟಣದಲ್ಲಿ ಅರಮನೆಯ ಸ್ಥಿತಿ ಕೆಟ್ಟಿತ್ತು. 1617ರಿಂದ ಆಳಿದ ಚಾಮರಾಜ ಒಡೆಯರು 1637ರಲ್ಲಿ ತೀರಿಕೊಂಡರು. ರಾಜ ಒಡೆಯರು ಮಡಿದ ಮೇಲೆ ಹುಟ್ಟಿದ ಮಗ ಇಮ್ಮಡಿ ರಾಜ ಒಡೆಯರಿಗೆ ಪಟ್ಟವಾಯಿತು. ಆದರೆ ಆಡಳಿತವೆಲ್ಲ ದಳವಾಯಿ ವಿಕ್ರಮರಾಯನ ಕೈಯಲ್ಲಿ. ಎಳೆಯ ಅರಸರು ತಾವೇ ಆಳಲು ಮನಸ್ಸು ಮಾಡಿದಾಗ ದಳವಾಯಿ ವಿಷವಿಕ್ಕಿಸಿದನೆಂದು ಇತಿಹಾಸಗಳು ಹೇಳುತ್ತವೆ. ಅನಂತರ, 1638ರಲ್ಲಿ, ತೆರಕಣಾಂಬಿಯಿಂದ ನರಸರಾಜರನ್ನು ಕರೆತಂದು ಗದ್ದುಗೆಯ ಮೇಲೆ ಕೂರಿಸಿದವನೂ ಅವನೇ. ಅವರಿಗೆ ಆಗ ಇಪ್ಪತ್ತಮೂರು ವರ್ಷ. ಗರಡಿಯಲ್ಲಿ ಬೆಳೆದ ಈ ಯುವಕನಿಗೆ ಕುಸ್ತಿಯೇ ಸಾಕು, ಕಾರುಬಾರು ಬೇಡವೆಂದು ದಳವಾಯಿ ಎಣಿಸಿದ್ದಿರಬೇಕು. ಸಂಗತಿ ತಿಳಿದ ಹೊಸ ಅರಸರು ಅವನನ್ನು ಕೊಲ್ಲಿಸಿದರು. ಹಿಂದಿನ ಚರಿತ್ರಕಾರರು ಇದನ್ನು ದುಷ್ಟಶಿಕ್ಷಣವೆಂದು ಹೊಗಳಿ ಮುಂದೆ ಸಾಗುತ್ತಾರೆ. ನಮಗೆ ಅಷ್ಟು ಸುಲಭವಾಗಿ ಮುಂದೆ ಹೋಗಲಾಗದು. ತಿರುಚಿನಾಪಳ್ಳಿಯಲ್ಲಿ ಎದುರಿಗೆ ನಿಂತು ಗೆದ್ದ ಕೈ ಇಲ್ಲಿ ಇರುಳನ್ನೂ ಇನ್ನೊಬ್ಬರ ಕಠಾರಿಯನ್ನೂ ನೆಮ್ಮಬೇಕಾಯಿತು. ಕಣದ ನಿಯಮಗಳು ಅರಮನೆಯಲ್ಲಿ ನಡೆಯುವುದಿಲ್ಲವೆಂಬುದನ್ನು ಅವರು ಪಟ್ಟವೇರಿದ ಮೊದಲ ದಿನಗಳಲ್ಲಿಯೇ ಕಲಿತರು.

ಇನ್ನು ನಮ್ಮ ಸೀಮೆಯ ಸಂಬಂಧಕ್ಕೆ ಬರೋಣ. ಶಿಗ್ಗಾವಿಯ ಪಕ್ಕದ ಬಂಕಾಪುರದ ಕೋಟೆಯನ್ನು ನೋಡದವರು ಈ ಕಡೆ ವಿರಳ. ವಿಜಯನಗರ ಮುರಿದ ಮೇಲೆ ಅಲ್ಲಿ ಸ್ವತಂತ್ರನಾಗಿ ನಿಂತಿದ್ದ ನಾಯಕನ ಮೇಲೆ 1573ರ ಸುಮಾರಿಗೆ ಬಿಜಾಪುರದ ಅಲಿ ಆದಿಲಶಹ ಏರಿಬಂದ. ಕೋಟೆ ಒಂದು ವರ್ಷಕ್ಕೂ ಮೇಲ್ಪಟ್ಟು ಮುತ್ತಿಗೆಯನ್ನು ತಾಳಿಕೊಂಡಿತು. ಹೊರಗಿನಿಂದ ನೆರವು ಬರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಬಂಕಾಪುರ ಬಿದ್ದ ಮೇಲೆ ಹಾನಗಲ್ಲಿನ ಸೀಮೆಯೂ ಬಿಜಾಪುರದ ಪಾಲಾಯಿತು. ಅಲ್ಲಿಂದ ದಕ್ಷಿಣಕ್ಕೆ ದಾರಿ ಬಿಚ್ಚಿತು. ಅರವತ್ತು ವರ್ಷಗಳ ಅನಂತರ ರಣದುಲ್ಲಾಖಾನನ ದಂಡು ಆ ದಿಕ್ಕಿಗೇ ನುಗ್ಗಿ ಇಕ್ಕೇರಿಯ ವೀರಭದ್ರನಾಯಕನನ್ನು ಹಣ್ಣುಮಾಡಿತು. 1638ರಲ್ಲಿ ಬೆಂಗಳೂರನ್ನು ಹಿಡಿಯಿತು. ಕೆಂಪೇಗೌಡ ಮಾಗಡಿಗೆ ಸರಿದ, ಬೆಂಗಳೂರು ಶಹಾಜಿಯ ಜಹಗೀರಾಯಿತು. ಬಂಕಾಪುರ, ಇಕ್ಕೇರಿ, ಬೆಂಗಳೂರು ಇವೆಲ್ಲ ಒಂದೊಂದಾಗಿ ಬಿದ್ದ ಮೇಲೆ ಉಳಿದದ್ದು ಕಾವೇರಿಯ ನಡುವಿನ ದ್ವೀಪ. ಅದರೊಳಗೆ ಪಟ್ಟವೇರಿ ಮೂರು ತಿಂಗಳೂ ತುಂಬದ ಇಪ್ಪತ್ತಮೂರರ ಜಟ್ಟಿ.

1639ರ ಆರಂಭದಲ್ಲಿ ರಣದುಲ್ಲಾಖಾನ ಶ್ರೀರಂಗಪಟ್ಟಣವನ್ನು ಮುತ್ತಿದ. ಬಸವಾಪಟ್ಟಣದ ಕೆಂಗೆ ಹನುಮನೂ ಅವನ ಜೊತೆಗಿದ್ದ. ಫಿರಂಗಿಗಳ ಹೊಡೆತಕ್ಕೆ ಗೋಡೆ ಒಂದೆಡೆ ಬಿರಿಯಿತು. ಮುತ್ತಿದವರು ಆ ಕಂಡಿಯಿಂದ ನುಗ್ಗಿದರು. ಅಲ್ಲಿ ನಡೆದ ಹೋರಾಟದಲ್ಲಿ ಮೈಸೂರಿನವರು ಕಂಡಿಯನ್ನು ಬಿಟ್ಟುಕೊಡಲಿಲ್ಲ. ಭಾರಿ ಸಾವುನೋವುಗಳೊಡನೆ ಶತ್ರು ಹಿಂದೆಗೆದ. ಹಿಂದಿರುಗುವ ದಂಡನ್ನು ಅರಸರ ಸೈನ್ಯ ಬೆನ್ನಟ್ಟಿ ಕಾಡಿತು. ಒಂಬತ್ತು ವರ್ಷಗಳ ಅನಂತರ, 1648ರಲ್ಲಿ, ಗೋವಿಂದವೈದ್ಯ ಕವಿ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯದಲ್ಲಿ ಈ ಯುದ್ಧವನ್ನು ವಿಸ್ತಾರವಾಗಿ ಹಾಡಿದ. ಅರಸನ ಸಮಕಾಲದ ಸಾಕ್ಷಿಯೆಂದು ಅದಕ್ಕೆ ಬೆಲೆಯುಂಟು. ಅರಸನ ಆಶ್ರಯದ ಸಾಕ್ಷಿಯೆಂಬುದನ್ನೂ ಮರೆಯಲಾಗದು. ಬಿಜಾಪುರದ ಆಸ್ಥಾನದ ಇತಿಹಾಸ ಈ ದಂಡಯಾತ್ರೆಯನ್ನು ಬೇರೆ ಬಗೆಯಾಗಿ, ಮೈಸೂರಿನ ರಾಜ ಕಪ್ಪವನ್ನು ಒಪ್ಪಿಕೊಂಡಂತೆ, ಹೇಳುತ್ತದೆ. ಮುಷ್ಟಿಯುದ್ಧದಲ್ಲಿ ಯಾರೂ ಕೆಳಗೆ ಬೀಳದೆ ಗಂಟೆ ಬಾರಿಸಿದಾಗ ಎರಡು ಮೂಲೆಗಳಲ್ಲಿಯೂ ಕೈ ಮೇಲೆತ್ತುವುದುಂಟಷ್ಟೆ! ಇಲ್ಲಿ ತೀರ್ಪುಗಾರನಾಗಿ ಭೂಪಟವನ್ನೇ ಕೇಳಬಹುದು. ಬೆಂಗಳೂರಿನಲ್ಲಿ ಬಿಜಾಪುರದ ಜಹಗೀರು ನಿಂತಿತು, ಶ್ರೀರಂಗಪಟ್ಟಣದಲ್ಲಿ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಬಿಜಾಪುರದ ಸೇನಾನಿಗಳು ಮೈಸೂರಿನ ಗಡಿಗೆ ಬಂದರು, ಹೋದರು. ರಾಜಧಾನಿಯನ್ನು ಹಿಡಿದವರಿಲ್ಲ.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಕಥೆ, ಇರುಳು ಶಯ್ಯಾಗೃಹದಲ್ಲಿ ಅವಿತಿದ್ದ ಇಪ್ಪತ್ತೈದು ಮಂದಿ ಕೊಲೆಗಡುಕರದು. ತಮ್ಮ ಮಲ್ಲನ ಸೋಲಿಗೆ ಸೇಡು ತೀರಿಸಲು ತಿರುಚಿನಾಪಳ್ಳಿಯವರು ಕಳುಹಿಸಿದವರೆಂದು ಅರಮನೆಯ ಐತಿಹ್ಯ. ಅರಸರು ಒಬ್ಬರೇ ಅವರೆಲ್ಲರನ್ನೂ ಎದುರಿಸಿದರಂತೆ. ಇಪ್ಪತ್ತೈದೆಂಬ ಸಂಖ್ಯೆಯನ್ನು ಒಪ್ಪಲು ನಮಗೆ ಸಂಕೋಚ. ಜನ ಪ್ರೀತಿಸಿದ ವೀರನ ವಿಷಯದಲ್ಲಿ ಸಂಖ್ಯೆಗಳು ಹೇಗೆ ಬೆಳೆಯುತ್ತವೆಂಬುದನ್ನು ಎಲ್ಲರೂ ಬಲ್ಲರು. ಆದರೆ ವಿಷದಿಂದ ಸತ್ತ ಅರಸನ ಜಾಗದಲ್ಲಿ ಮಲಗಿದವನಿಗೆ ನಿದ್ದೆಯಲ್ಲಿಯೂ ಒಂದು ಕಣ್ಣು ತೆರೆದಿರಬೇಕಾದ ಸ್ಥಿತಿ ಇತ್ತೆಂಬುದನ್ನು ಈ ಕಥೆ ಹೇಳುತ್ತದೆ, ಅದು ಸುಳ್ಳಾಗಲಾರದು.

1640ರ ದಶಕವೆಲ್ಲ ಯುದ್ಧದಲ್ಲಿಯೇ ಕಳೆಯಿತು. ದಕ್ಷಿಣದಲ್ಲಿ ಮಧುರೆಯ ನಾಯಕರ ಕೈಯಲ್ಲಿದ್ದ ಕಣಿವೆಯ ಸೀಮೆಯ ಕೋಟೆಗಳು, ಪಶ್ಚಿಮದಲ್ಲಿ ಚಂಗಾಳ್ವರ ಪಿರಿಯಾಪಟ್ಟಣ ಮೈಸೂರಿಗೆ ಸೇರಿದವು. ಪಿರಿಯಾಪಟ್ಟಣದ ಹೆಸರು ಬಂದಾಗ ಲೇಖನಿ ಸ್ವಲ್ಪ ತಡೆಯುತ್ತದೆ. ಕೋಟೆ ಉಳಿಯುವುದಿಲ್ಲವೆಂದು ಕಂಡ ವೀರರಾಜ ತನ್ನ ಮಡದಿ ಮಕ್ಕಳನ್ನು ತನ್ನ ಕೈಯಿಂದಲೇ ಕೊಂದು, ಕತ್ತಿ ಹಿಡಿದು ಹೊರಬಂದು ಸತ್ತನೆಂದು ಪರಂಪರೆ ಹೇಳುತ್ತದೆ. ರಣಧೀರರ ವಿಜಯಗಳ ಪಟ್ಟಿಯಲ್ಲಿ ಇದು ಒಂದು ಸಾಲು. ಹಾನಗಲ್ಲು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ನಿಂತ ವೀರಗಲ್ಲುಗಳನ್ನು ನೋಡಿದವರಿಗೆ ಗೊತ್ತು: ಕೆಳಗಿನ ಪಟ್ಟಿಕೆಯಲ್ಲಿ ಬಿದ್ದವನೇ ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ ಕುಳಿತಿರುತ್ತಾನೆ, ಗೆದ್ದವನಿಗೆ ಅಲ್ಲಿ ಸ್ಥಳವಿಲ್ಲ. ಆ ಶಿಲ್ಪಿಗಳ ಲೆಕ್ಕದಲ್ಲಿ ಪಿರಿಯಾಪಟ್ಟಣದಲ್ಲಿ ಕಲ್ಲು ಯಾರಿಗೆ ಸಲ್ಲಬೇಕಾಗಿತ್ತೋ!

ಬರಿಯ ತೋಳ್ಬಲದ ಅರಸರಾಗಿದ್ದಿದ್ದರೆ ಅವರ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಶ್ರೀರಂಗಪಟ್ಟಣದ ಕೋಟೆಯನ್ನು ಬಲಪಡಿಸಿದರು. ನರಸಿಂಹಸ್ವಾಮಿಯ ದೇವಾಲಯವನ್ನು ಕಟ್ಟಿಸಿದರು. ಟಂಕಸಾಲೆಯನ್ನು ಸ್ಥಾಪಿಸಿ ತಮ್ಮ ಹೆಸರಿನ ಚಿನ್ನದ ಹಣವನ್ನು ಹೊರಡಿಸಿದರು. ಹೆಬ್ಬೆರಳಿನ ಉಗುರಿಗಿಂತ ಕಿರಿದಾದ, ಅರ್ಧ ಗ್ರಾಮೂ ತೂಗದ ಆ ನಾಣ್ಯದ ಮುಖದಲ್ಲಿ ನರಸಿಂಹನ ಮೂರ್ತಿ. ಅದೇ ಕಂಠೀರಾಯಿ ಹಣ. ವಿಜಯನಗರದ ಹೆಸರಿನಲ್ಲಿ ಆಳುತ್ತಿದ್ದ ಮನೆತನವೊಂದು ತನ್ನ ನಾಣ್ಯವನ್ನು ತಾನೇ ಹೊಡೆಯಿತೆಂಬುದರ ಅರ್ಥ ಆ ಕಾಲದ ವರ್ತಕನಿಗೆ ಯಾವ ಶಾಸನಕ್ಕಿಂತಲೂ ಬೇಗ ತಿಳಿದಿರಬೇಕು. ಮಹಾನವಮಿಯ ಒಡ್ಡೋಲಗ ಅವರ ಕಾಲದಲ್ಲಿ ಹೊಸ ವೈಭವವನ್ನು ಪಡೆಯಿತು. ಗೋವಿಂದವೈದ್ಯನ ಕಾವ್ಯದಲ್ಲಿ ಆ ದಿನಗಳ ಸಭೆ, ಸಂಗೀತ, ಮಲ್ಲರ ಕಾಳಗ ಎಲ್ಲವೂ ಮೂಡಿವೆ. ಮಲ್ಲರ ಪಟ್ಟುಗಳನ್ನು ಬಲ್ಲ ಅರಸನೇ ಮೇಲೆ ಕುಳಿತಿರುವಾಗ ಕೆಳಗಿನವರು ಸೆಣಸುವ ರೀತಿಯೇ ಬೇರೆಯಾಗಿರಬೇಕು!

ಬಲವನ್ನೂ ತಾಳಿಕೆಯನ್ನೂ ಒಂದೇ ಎಂದು ತಿಳಿಯಬಾರದೆಂಬುದಕ್ಕೆ ಇನ್ನೊಬ್ಬ ಅರಸನ ನೆನಪು ಇಲ್ಲಿ ಬರುತ್ತದೆ, ಅವನ ಕಥೆ ಮುಗಿದದ್ದು ನಮ್ಮ ಬಂಕಾಪುರದಲ್ಲಿಯೇ ಆದ್ದರಿಂದ. ಹತ್ತನೆಯ ಶತಮಾನದ ಗಂಗರ ಮಾರಸಿಂಹ ರಾಷ್ಟ್ರಕೂಟರ ಪರವಾಗಿ ಉತ್ತರ ದಕ್ಷಿಣಗಳೆರಡರಲ್ಲಿಯೂ ಕಾದಿದವನು. ನೊಳಂಬಕುಲಾಂತಕನೆಂಬ ಬಿರುದು ಹೊತ್ತವನು. ಶ್ರವಣಬೆಳಗೊಳದ ಕಂಬವೊಂದರ ಮೇಲೆ ಅವನ ಗೆಲುವುಗಳ ಪಟ್ಟಿಯೇ ಇದೆ. ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಅನ್ನನೀರು ತೊರೆದು ಮೂರು ದಿನಗಳ ವ್ರತದಿಂದ ಅವನು ದೇಹವನ್ನು ಬಿಟ್ಟದ್ದು 974ರ ಸುಮಾರಿಗೆ. ರಣಧೀರರೂ ಅವನೂ ಎದುರೆದುರು ನಿಂತಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಗರಡಿಯ ಹುಡುಗರು ಕೇಳಬಹುದು. ನಮ್ಮ ಮತ ರಣಧೀರರ ಕಡೆಗೆ. ಮಾರಸಿಂಹ ಸಾಮ್ರಾಜ್ಯವೊಂದರ ಬಲವನ್ನು ಬೆನ್ನಿಗಿಟ್ಟುಕೊಂಡು ಹೊಡೆದವನು. ಆ ಸಾಮ್ರಾಜ್ಯ ಕುಸಿದಾಗ ಅದನ್ನು ಎತ್ತಿ ನಿಲ್ಲಿಸುವುದು ಅವನಿಂದ ಆಗಲಿಲ್ಲ. ಕಂಠೀರವ ನರಸರಾಜರ ಬೆನ್ನಿಗಿದ್ದದ್ದು ಗೋಡೆಯೊಂದೇ, ಅದೂ ಬಿರಿದದ್ದು. ಆದರೆ ಕೊನೆಯ ಮೂರು ದಿನಗಳ ವಿಷಯದಲ್ಲಿ ಹೋಲಿಕೆಗೆ ನಾವು ಧೈರ್ಯ ಮಾಡಲಾರೆವು. ಆ ಬಗೆಯ ತಾಳಿಕೆಗೆ ಯಾವ ಗರಡಿಯಲ್ಲಿಯೂ ಸಾಧನೆ ಕಲಿಸುವುದಿಲ್ಲ.

ಇಪ್ಪತ್ತೊಂದು ವರ್ಷ ಆಳಿ 1659ರ ಜುಲೈ 31ರಂದು ಕಂಠೀರವ ನರಸರಾಜರು ತೀರಿಕೊಂಡರು. ವಯಸ್ಸು ನಲವತ್ತನಾಲ್ಕು. ಪಟ್ಟಕ್ಕೆ ಮಗನಿರಲಿಲ್ಲ, ದೊಡ್ಡ ದೇವರಾಜ ಒಡೆಯರು ಉತ್ತರಾಧಿಕಾರಿಯಾದರು, ಅವರ ತರುವಾಯ 1673ರಲ್ಲಿ ಚಿಕ್ಕದೇವರಾಜರು. ವಿಷ, ಮುತ್ತಿಗೆ, ಒಳಸಂಚುಗಳಿಂದ 1638ರಲ್ಲಿ ಅಲುಗುತ್ತಿದ್ದ ಗದ್ದುಗೆ ಈ ಸಲ ಅಲುಗದೆ ಕೈ ಬದಲಾಯಿಸಿತು. ಬಿಜಾಪುರ 1686ರಲ್ಲಿ ಔರಂಗಜೇಬನಿಗೆ ಶರಣಾಯಿತು. ಅದರ ಸರದಾರನಾಗಿದ್ದ ಅಬ್ದುಲ್ ರೌಫಖಾನ ಮೊಗಲರನ್ನು ಸೇರಿ ಬಂಕಾಪುರದ ಸೀಮೆಯನ್ನು ಪಡೆದ, ಅವನಿಂದ ಸವಣೂರಿನ ನವಾಬರ ವಂಶ ನಡೆಯಿತು. 1764ರಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ದಂಡು ಹೈದರನ ಕೈಕೆಳಗೆ ಸವಣೂರಿನ ನವಾಬನನ್ನು ಸೋಲಿಸಿತು. ನೂರಿಪ್ಪತ್ತೈದು ವರ್ಷಗಳ ಹಿಂದೆ ಬಂಕಾಪುರದ ದಾರಿಯಿಂದ ದಕ್ಷಿಣಕ್ಕೆ ಹರಿದ ದಂಡಿನ ಹಾದಿ ಈಗ ತಿರುಗುಮುರುಗಾಗಿತ್ತು.

1960ರಲ್ಲಿ ರಾಜಕುಮಾರ್ ಅವರು ನಟಿಸಿದ ರಣಧೀರ ಕಂಠೀರವ ಚಲನಚಿತ್ರ ಬಂದಾಗ ಊರೂರಿನ ಜನ ತಿರುಚಿನಾಪಳ್ಳಿಯ ಕುಸ್ತಿಯನ್ನು ಕಣ್ಣಾರೆ ಕಂಡರು. ಆ ಮೇಲೆ ಪಾಠಾಂತರಗಳ ಚರ್ಚೆ ಪಂಡಿತರಿಗೆ ಮಾತ್ರ ಉಳಿಯಿತು. ಬೆಂಗಳೂರಿನ ದೊಡ್ಡ ಕ್ರೀಡಾಂಗಣಕ್ಕೆ ಅವರ ಹೆಸರಿದೆ. ವಿಜಯದಶಮಿಯ ಬೆಳಿಗ್ಗೆ ಮೈಸೂರಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ಮೊದಲ ಹನಿ ರಕ್ತ ಕಂಡೊಡನೆ ಬಿಡಿಸುತ್ತಾರೆ. ಶ್ರೀರಂಗಪಟ್ಟಣದ ನರಸಿಂಹಸ್ವಾಮಿಯ ಗುಡಿಯಲ್ಲಿ ಅವರದೇ ಶಿಲಾಪ್ರತಿಮೆ ಇದೆ: ನೀಳವಾದ ಅಂಗಿ ತೊಟ್ಟು ಕೈಮುಗಿದು ನಿಂತ ಭಂಗಿ. ಆ ಅಂಗಿಯ ಮರೆಯಲ್ಲಿ ಜಗಜಟ್ಟಿಯ ಮೈಕಟ್ಟನ್ನು ಹುಡುಕುವವರಿಗೆ ನಿರಾಶೆಯೇ ಸರಿ. ಇನ್ನು ಅವರ ಹಣದ ಮಾತು. ಟಿಪ್ಪುವಿನ ಪತನವಾದ ಮೇಲೆ 1800ರಲ್ಲಿ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಭತ್ತ, ರಾಗಿ, ಕೂಲಿ, ಕಂದಾಯಗಳ ಲೆಕ್ಕ ಬರೆದುಕೊಂಡಾಗ ರೈತರೂ ಶಾನುಭೋಗರೂ ಅವನಿಗೆ ಹೇಳಿದ ಬೆಲೆಗಳು ಕಂಠೀರಾಯಿ ಹಣದಲ್ಲಿಯೇ ಇದ್ದವು.